ಮುನಿಕೃಷ್ಣನ ಜೇಬಿನ ಪುಸ್ತಕ

ಮುಳಬಾಗಿಲು ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ವೆಂಕಟರತ್ನಮ್ಮನಿಗೆ ಒಂದು ಹೆಜ್ಜೆ ಎತ್ತಿಡೋಕೂ ಮನಸ್ಸಿರಲಿಲ್ಲ. ಕತ್ತಲಿದ್ದಾಗಲೇ ಎದ್ದು ಹಸು ಹಿಂಡಿ, ಹಾಲು ಡೇರಿಗೆ ಹಾಕಿ, ಗಂಡನ ಕತ್ತಿನ ತೂತು ಒರೆಸಿ, ಅದರ ಮುಂದೆ ಕಟ್ಟೋ ಬಟ್ಟೆ ಬದಲಾಯಿಸಿ, ಗಂಜಿ ಕುಡಿಸಿ, ತಾಯಲೂರು ಕಡೆಯಿಂದ ಬರೋ ಬಸ್ಸಿನಲ್ಲಿ ಉದ್ದಕ್ಕೂ ನಿಂತುಕೊಂಡೇ ಬಂದಿದ್ದಳು. ಇಷ್ಟು ಪಾಡುಪಟ್ಟು ಬಂದದ್ದು ಒಂದು ಚಿಕ್ಕ ಪುಸ್ತಕ, ಒಂದು ಪೆನ್ನು ತಗೊಳ್ಳೋಕೆ. ಹೋದ ವಾರವೂ ಅದಕ್ಕೇ ಬಂದಿದ್ದಳು. ಅದರ ಹಿಂದಿನ ವಾರವೂ ಅದಕ್ಕೇ.

ಪುಸ್ತಕದಂಗಡಿ ಭಾರತಮ್ಮ ಅವಳನ್ನು ನೋಡಿ ನಕ್ಕಳು. "ಏನಮ್ಮಾ, ಮತ್ತೆ ಬಂದೆ? ನಿಮ್ಮನೇಲಿ ಯಾರು ಇಷ್ಟೊಂದು ಬರಿಯೋರು? ಮೊಮ್ಮಕ್ಕಳಾ?"

"ಯಜಮಾನ್ರು."

"ಪರೀಕ್ಷೆ ಕಟ್ಟವ್ರಾ ಈ ವಯಸ್ಸಲ್ಲಿ?"

ವೆಂಕಟರತ್ನಮ್ಮನಿಗೆ ನಗು ಬರಲಿಲ್ಲ, ಕೋಪವೂ ಬರಲಿಲ್ಲ. ಎರಡಕ್ಕೂ ಮೈಯಲ್ಲಿ ಶಕ್ತಿ ಬೇಕು. ಅಂಗಡಿ ಮುಂದಿನ ಸ್ಟೂಲಿನ ಮೇಲೆ ಕುಕ್ಕರಿಸಿ, ಹೋದೆರಡು ಸಲ ಹೇಳದೆ ಬಿಟ್ಟಿದ್ದನ್ನು ಹೇಳಿದಳು. "ಗಂಟಲು ಕ್ಯಾನ್ಸರು ಕಣಮ್ಮಾ. ಮಾತಿನ ಪೆಟ್ಟಿಗೇನೇ ತೆಗೆದುಬಿಟ್ರು. ಏನು ಹೇಳ್ಬೇಕಂದ್ರೂ ಬರೆದು ಹೇಳ್ಬೇಕು. ಬರೀರಿ ಅಂದ್ರೆ ಎರಡು ಮಾತು ಬರೆದು ಪುಸ್ತಕ ಎಸೀತಾರೆ. ಏಂ ಚೇಸೇದಿ ನೇನು?"

ಅವಳಿಗೆ ಸುಸ್ತು ಹೆಚ್ಚಾದಾಗ ಕನ್ನಡದ ಕೊನೆಗೆ ತೆಲುಗು ಬಂದು ಕೂರುತ್ತಿತ್ತು. ನಾನೇನು ಮಾಡಲಿ ಅನ್ನೋದನ್ನು ಮುಳಬಾಗಿಲು ಸೀಮೆಯಲ್ಲಿ ಯಾವ ಭಾಷೆಯಲ್ಲಿ ಕೇಳಿದರೂ ಅರ್ಥವಾಗುತ್ತದೆ. ಭಾರತಮ್ಮ ನಗು ನುಂಗಿಕೊಂಡು ಒಳಗಿನಿಂದ ನೀರು ತಂದುಕೊಟ್ಟಳು.

ಅವಳ ಗಂಡ ಮುನಿಕೃಷ್ಣ ಅಂದರೆ ಈ ಸುತ್ತಿನ ರೈತರಿಗೆಲ್ಲ ಗೊತ್ತು. ವಡ್ಡಹಳ್ಳಿ ಟೊಮ್ಯಾಟೊ ಮಾರ್ಕೆಟ್ಟಿನ ಒಂದು ಮಂಡಿಯಲ್ಲಿ ಹರಾಜು ಕೂಗುತ್ತಿದ್ದವನು. ಕ್ರೇಟುಗಳ ಮೇಲೆ ಹತ್ತಿ ನಿಂತು ಅವನು ಕೂಗಿದರೆ ಆಚೆ ಹೈವೇನಲ್ಲಿ ಹೋಗೋ ಲಾರಿಯವನು ಬ್ರೇಕ್ ಹಾಕಬೇಕು. ಮನೆಯಲ್ಲೂ ಅದೇ ಗಂಟಲು. ಉಪ್ಪು ಕೇಳಿದರೂ ಹರಾಜಿನ ದನಿ. "ಒಂಚೂರು ಮೆತ್ತಗೆ ಮಾತಾಡ್ರೀ, ಪಕ್ಕದ ಮನೆಯೋರು ಉಪ್ಪು ತಂದ್ಬಿಡ್ತಾರೆ" ಅಂತ ವೆಂಕಟರತ್ನಮ್ಮ ಮದುವೆಯಾದ ಹೊಸದರಿಂದ ಹೇಳಿ ಹೇಳಿ ಸೋತಿದ್ದಳು. ಒಂದೇ ಮನೆಯಲ್ಲಿ ಇಬ್ಬರು ಕೂಗಿದರೆ ಸೂರು ನಿಲ್ಲೋದಿಲ್ಲ ಅಂತ ಅವಳು ತನ್ನ ಪಾಲಿನ ದನಿಯನ್ನೂ ಅವನಿಗೇ ಬಿಟ್ಟುಕೊಟ್ಟು, ಬೇಕಾದ್ದನ್ನು ಗೊಣಗಿಕೊಂಡೇ ಸಂಸಾರ ತೂಗಿಸಿದ್ದಳು. ಈಗ ಮನೆ ನಿಶ್ಶಬ್ದವಾಗಿತ್ತು. ಮಾತು ಬೆಳ್ಳಿ, ಮೌನ ಬಂಗಾರ ಅಂತ ಗಾದೆ ಕಟ್ಟಿದವನ ಮನೆಯಲ್ಲಿ ಯಾರಿಗೂ ಗಂಟಲು ಆಪರೇಷನ್ ಆಗಿರಲಿಲ್ಲ ಅಂತ ಕಾಣುತ್ತೆ.

ಬೆಂಗಳೂರಿನ ಆಸ್ಪತ್ರೆಯಿಂದ ಕಳಿಸುವಾಗ ನರ್ಸು ಅವಳೊಬ್ಬಳನ್ನೇ ಪಕ್ಕಕ್ಕೆ ಕರೆದು ಹೇಳಿದ್ದಳು. ಗಂಟಲಿಗೆ ಇಟ್ಟುಕೊಂಡು ಮಾತಾಡೋ ಮೆಷಿನ್ನು ಇದೆ, ಗಾಯ ಮಾಯಲಿ, ಆಮೇಲೆ ನೋಡೋಣ. ಅಲ್ಲಿಯವರೆಗೆ ದಿನಾ ಬರೆಸಿ. ಬರೆಯದೆ ಸುಮ್ಮನಾದವರು ಊಟವನ್ನೂ ಬಿಡ್ತಾರೆ, ಕೊನೆಗೆ ಮಲಗಿದ ಕಡೆಯಿಂದ ಏಳೋದೇ ಇಲ್ಲ, ನಾನು ಬೇಕಾದಷ್ಟು ನೋಡಿದ್ದೀನಿ. ಈ ಮಾತು ವೆಂಕಟರತ್ನಮ್ಮನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಮುನಿಕೃಷ್ಣ ಹೋದ ವಾರದಿಂದ ಗಂಜಿಯನ್ನು ಅರ್ಧಕ್ಕೇ ಬಿಡುತ್ತಿದ್ದ.

ಮಾಲೂರಿಗೆ ಕೊಟ್ಟಿದ್ದ ಮಗಳು ಪದ್ಮಶ್ರೀ ದೊಡ್ಡ ಫೋನು ತಂದುಕೊಟ್ಟು ಅಕ್ಷರ ಒತ್ತೋದು ಹೇಳಿಕೊಟ್ಟಿದ್ದಳು. ಅವನ ಹೆಬ್ಬೆರಳು ಒಂದು ಒತ್ತಿದರೆ ಮೂರು ಬೀಳುತ್ತಿದ್ದವು. ಫೋನು ಚಾರ್ಜಿಗೆ ಹಾಕಿದ್ದು ಹಾಕಿದ ಹಾಗೇ ಇತ್ತು. ಬೆಳೆಗೆ ಹೊಡೆಯೋ ಔಷಧಿ ಅಂಗಡಿಯವರು ರೈತರಿಗೆ ಹಂಚಿದ್ದ ಡೈರಿ ಮನೆಯಲ್ಲಿತ್ತು, ಅದನ್ನು ಕೊಟ್ಟಳು. ದಪ್ಪ ಡೈರಿ, ಎದೆಯ ಮೇಲೆ ಇಟ್ಟರೆ ಉಸಿರಾಡೋ ತೂತಿಗೆ ಅಡ್ಡ. ಆಮೇಲೆ ಭಾರತಮ್ಮನ ಹತ್ತಿರ ಮೇಲುಗಡೆ ತಂತಿ ಸುರುಳಿ ಇರೋ ಚಿಕ್ಕ ಪುಸ್ತಕ ತಂದಳು. ತಂತಿ ಕತ್ತಿನ ಬಟ್ಟೆಗೆ ಸಿಕ್ಕಿಕೊಂಡು ಎಳೆಯಿತು. ಬಾಲ್‌ಪೆನ್ನು ಕೊಟ್ಟಳು, ದಿಂಬಿಗೆ ಒರಗಿ ಪುಸ್ತಕ ಮೇಲೆತ್ತಿ ಬರೆದರೆ ಇಂಕು ಇಳಿಯದೆ ಬರೀ ಗೀರು ಬೀಳುತ್ತಿತ್ತು. ಜೆಲ್ ಪೆನ್ನು ತಂದಳು. ಕೈಬೆವರಿಗೆ ಅಕ್ಷರ ಕಲಸಿಹೋಗಿ ಅಂಗೈಯೆಲ್ಲ ನೀಲಿಯಾಯಿತು. ಹೊಲಿದ ಪುಸ್ತಕ, ಜೇಬಿಗೆ ಹಿಡಿಯೋ ಅಳತೆಯದು, ಒಳ್ಳೆ ರಟ್ಟಿನದು ತಂದಳು. ಅದರಲ್ಲಿ 'ನೀರು' ಅಂತ ಬರೆದ, ಅವಳು ಓದಿ ನೀರು ತಂದಳು. 'ಫ್ಯಾನು' ಅಂತ ಬರೆದ, ಓದಿ ಹಾಕಿದಳು. 'ಹಸು ಕೂಗ್ತೈತೆ' ಅಂತ ಬರೆದ, ಓದಿ ಹಿತ್ತಲಿಗೆ ಓಡಿದಳು. ವಾಪಸ್ ಬಂದಾಗ ಪುಸ್ತಕ ಬಾಗಿಲ ಹತ್ತಿರ ಬೋರಲು ಬಿದ್ದಿತ್ತು.

ಯಾಕ್ರೀ ಅಂದರೆ ಗೋಡೆ ಕಡೆ ತಿರುಗಿಕೊಂಡ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಅವಳಿಗೆ ನಾಲಿಗೆ ತುದಿಗೆ ಬಂದಿತ್ತು. ಆದರೆ ಬಾಯಿಲ್ಲದವನ ಜೊತೆ ಜಗಳ ಆಡೋದು ಹೇಗೆ? ತಪ್ಪು ಪುಸ್ತಕದ್ದೇ ಇರಬೇಕು, ಪೆನ್ನಿನದೇ ಇರಬೇಕು ಅಂತ ಮತ್ತೆ ಬಸ್ಸು ಹತ್ತಿದ್ದಳು.

"ಗೀಟು ಹಾಕಿರೋದು ಬೇಕಾ, ಗೀಟಿಲ್ಲದ್ದಾ?" ಭಾರತಮ್ಮ ಈಗ ಮನಸ್ಸಿಟ್ಟು ಒಂದೊಂದೇ ತೆಗೆದಿಡುತ್ತಿದ್ದಳು.

"ಯಾವುದಾದ್ರೂ ಕೊಡಮ್ಮಾ. ಬರೆದ್ರೆ ಸಾಕು."

ಭಾರತಮ್ಮ ಹಿಡಿಯೋ ಕಡೆ ದಪ್ಪ ಇರೋ ಒಂದು ಪೆನ್ನು, ಗೀಟಿನ ಒಂದು ಪುಟ್ಟ ಪುಸ್ತಕ ಕಟ್ಟಿಕೊಟ್ಟಳು. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ವೆಂಕಟರತ್ನಮ್ಮ ಊರಿಗೆ ಬಂದರೆ, ಮನೆ ಮುಂದೆ ಚಪ್ಪಲಿಗಳ ಸಂತೆ.

ರೋಗಿಯನ್ನು ನೋಡೋಕೆ ಬರೋರದ್ದೇ ಒಂದು ದೊಡ್ಡ ರೋಗ. ಹಳ್ಳಿಯಲ್ಲಿ ಆಪರೇಷನ್ ಆದವರನ್ನು ನೋಡಿಕೊಂಡು ಬರದಿದ್ದರೆ ಮಾತು ಬರುತ್ತೆ, ಅದಕ್ಕೆ ಬರುತ್ತಾರೆ. ಬಂದವರು ಬ್ರೆಡ್ಡು ಪ್ಯಾಕೆಟ್ಟು ಇಟ್ಟು, ಕಾಫಿ ಬರೋವರೆಗೆ ನಿಟ್ಟುಸಿರು ಬಿಟ್ಟು, ಇದೇ ಕಾಯಿಲೆಯಲ್ಲಿ ಯಾರು ಯಾರು ಹೇಗೆ ಹೇಗೆ ಸತ್ತರು ಅನ್ನೋದನ್ನು ರೋಗಿಯ ಎದುರಿಗೇ ಸಾವಕಾಶವಾಗಿ ಹೇಳುತ್ತಾರೆ. ಇವರಿಗೆಲ್ಲ ಮುಂದಾಳು ಮುನಿಕೃಷ್ಣನ ಅಕ್ಕ ದೊಡ್ಡಗಂಗಮ್ಮ. ಅವಳ ಮನೆ ಇದೇ ಊರಿನ ಆಚೆ ಬೀದಿ. ದಿನಾ ಊಟದ ಹೊತ್ತಿಗೆ ಬಂದು ತಮ್ಮನ ತಲೆ ಹತ್ತಿರ ಕೂತು, ಬಂದವರಿಗೆಲ್ಲ ಅವನ ಪರವಾಗಿ ತಾನೇ ಉತ್ತರ ಕೊಡೋಳು. ತಮ್ಮನ ಮೇಲೆ ಅವಳಿಗೆ ಪ್ರಾಣ. ಅದೇ ತೊಂದರೆ.

"ಎಲ್ಲಿಗೋಗಿದ್ದೇ ರತ್ನಾ? ಮನೇಗೆ ಜನ ಬರೋ ಹೊತ್ತಲ್ಲಿ ಊರು ಸುತ್ತೋಕೋಗ್ತೀಯ?"

"ಪುಸ್ತಕಕ್ಕೆ, ಅತ್ತಿಗೆ."

ಪುಸ್ತಕ ಅವನ ಕೈಗೆ ಕೊಟ್ಟಳು. ಮುನಿಕೃಷ್ಣ ತಿರುಗಿಸಿ ನೋಡಿ, ದಪ್ಪ ಪೆನ್ನು ಹಿಡಿದು, ಎಲ್ಲರೂ ಕಾಯುತ್ತಿದ್ದಾರೆ ಅಂತಲೋ ಏನೋ ಒಂದು ಸಾಲು ಬರೆದ. ದೊಡ್ಡಗಂಗಮ್ಮ ಅದನ್ನು ಕಿತ್ತುಕೊಂಡು ನೋಡಿ ಪಕ್ಕದವಳಿಗೆ ಕೊಟ್ಟಳು. ಪಕ್ಕದವಳು ಅವಳ ಪಕ್ಕದವನಿಗೆ. ಹೆಣ್ಣು ನೋಡೋಕೆ ಬಂದವರು ಫೋಟೋ ನೋಡಿದ ಹಾಗೆ ಪುಸ್ತಕ ಕೈಯಿಂದ ಕೈಗೆ ಹೋಯಿತು. "ಅಕ್ಷರ ಪರವಾಗಿಲ್ಲ, ದುಂಡಗವೆ" ಅಂದರು ಯಾರೋ. "ಪಾಪ" ಅಂದರು ಇನ್ನೊಬ್ಬರು. ಸುತ್ತು ಮುಗಿದು ವಾಪಸ್ ಬಂದಾಗ ಮುನಿಕೃಷ್ಣ ಕಣ್ಣು ಮುಚ್ಚಿಕೊಂಡಿದ್ದ. ವೆಂಕಟರತ್ನಮ್ಮ ತೆಗೆದು ನೋಡಿದಳು. 'ರೇಟು ಹೆಂಗೈತೆ ಈಗ' ಅಂತ ಬರೆದಿದ್ದ. ಯಾರೂ ಉತ್ತರ ಹೇಳಿರಲಿಲ್ಲ.

ಅವಳಿಗೆ ಆ ಹೊತ್ತು ಅಳು ಬಂತು. ಆದರೆ ಕಾಫಿಗೆ ಹಾಲು ಉಕ್ಕುತ್ತಿತ್ತು.

ಇದಾದ ಮೇಲೆ ಗೋಪಿ ಬಂದದ್ದು. ಗೋಪಿ ಮಂಡಿಯ ರೈಟರು, ನಲವತ್ತು ದಾಟಿದ ಗಂಡಸು. ಮುನಿಕೃಷ್ಣ ಮುಂದೆ ಕೂಗುತ್ತ ಹೋದರೆ ಹಿಂದೆ ಚೀಟಿ ಬರೆಯುತ್ತ ಹೋಗೋನು. ಪುಣ್ಯಕ್ಕೆ ಆ ಬೆಳಗ್ಗೆ ಬೇರೆ ಯಾರೂ ಇರಲಿಲ್ಲ. ಅವನನ್ನು ಗಂಡನ ಹತ್ತಿರ ಕೂರಿಸಿ ವೆಂಕಟರತ್ನಮ್ಮ ಅಡುಗೆಮನೆಗೆ ಹೋಗಿ ಒಲೆ ಹಚ್ಚಿದಳಷ್ಟೇ, ನಡುಮನೆಯಿಂದ ಸಿಡಿಲು ಬಡಿದ ಹಾಗೆ ಒಂದು ಕೂಗು ಬಂತು.

"ಟೀ ಕುಡಿಯೋ ಗೋಪೀ!"

ಅವಳ ಕೈಯಲ್ಲಿದ್ದ ಪಾತ್ರೆ ಜಾರಿತು. ಒಂದು ಗಳಿಗೆ, ಒಂದೇ ಗಳಿಗೆ, ಎಲ್ಲ ಮೊದಲಿನ ಹಾಗಾಯಿತು ಅಂದುಕೊಂಡಳು. ಓಡಿ ಬಂದು ನೋಡಿದರೆ ಕೂಗಿದ್ದು ಗೋಪಿ. ಕೈಯಲ್ಲಿ ಮುನಿಕೃಷ್ಣ ಬರೆದುಕೊಟ್ಟ ಪುಸ್ತಕ ಹಿಡಿದಿದ್ದ, ತಾನು ಮಾಡಿದ್ದಕ್ಕೆ ತಾನೇ ನಾಚಿಕೊಂಡಿದ್ದ. ಮುನಿಕೃಷ್ಣನ ಭುಜಗಳು ಕುಲುಕುತ್ತಿದ್ದವು. ಕತ್ತಿನ ತೂತಿನಿಂದ ಗಾಳಿ ಪುಸಪುಸ ಅಂತ ಬರುತ್ತಿತ್ತು. ಅವನು ನಗುತ್ತಿದ್ದಾನೆ ಅಂತ ಗೊತ್ತಾಗೋಕೆ ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಆಪರೇಷನ್ ಆದಮೇಲೆ ಅವನು ನಕ್ಕಿದ್ದು ಅದೇ ಮೊದಲು.

ಮುನಿಕೃಷ್ಣ ಪುಸ್ತಕ ಕಿತ್ತುಕೊಂಡು ಮತ್ತೆ ಬರೆದ. ಗೋಪಿ ಮತ್ತೆ ಕೂಗಿದ. "ರೇಟು ಹೆಂಗೈತ್ಲಾ!" ಕೂಗಿ, ಆಮೇಲೆ ಮಾಮೂಲಿ ದನಿಯಲ್ಲಿ ರೇಟು ಹೇಳಿದ. "ನನ್ನ ಜಾಗದಲ್ಲಿ ಯಾರು ಕೂಗ್ತಾ ಅವ್ನೆ!" ಅಂತ ಕೂಗಿದ. ಹೊಸಬ ಅಣ್ಣಾ, ಮಧ್ಯಾಹ್ನಕ್ಕೇ ಗಂಟಲು ಕಟ್ಟಿಕೊಳ್ತೈತೆ ಅಂದ. ಪೆನ್ನು ಗೀರಿದರೂ ಬಿಡದೆ, ಅಕ್ಷರ ಹಾರಿದರೂ ಬಿಡದೆ ಮುನಿಕೃಷ್ಣ ಹಾಳೆ ಮೇಲೆ ಹಾಳೆ ತಿರುಗಿಸಿದ.

ಗೋಪಿ ಹೊರಟಾಗ ವೆಂಕಟರತ್ನಮ್ಮ ಬೀದಿಯವರೆಗೆ ಬಂದು ಅವನನ್ನು ತಡೆದಳು. "ಅದೇನು ಮಾಡ್ದೆ ಗೋಪಿ?"

"ಏನಿಲ್ಲಕ್ಕಾ, ಅಭ್ಯಾಸಬಲ. ಅಣ್ಣ ರೇಟು ಕೂಗಿದ ತಕ್ಷಣ ನಾನು ಅದನ್ನ ತಿರುಗಿ ಕೂಗ್ಬೇಕು, ಆಮೇಲೆ ಚೀಟಿ ಬರೀಬೇಕು. ನಮ್ಮ ಮಂಡೀಲಿ ಅಂಗೆ. ತಿರುಗಿ ಕೂಗದೆ ಬರೆದ್ರೆ ಅಣ್ಣ ಚೀಟಿ ಹರಿದಾಕ್ತಿದ್ದ. ಅಷ್ಟು ಜನದ ಕಿವಿಗೆ ಬೀಳದ್ದು ಮಾತೇ ಅಲ್ಲ ಕಣೋ ಅಂತಿದ್ದ."

ಅವಳು ಬೀದಿಯಲ್ಲೇ ನಿಂತುಬಿಟ್ಟಳು. ತಾನು ಏಳನೇ ಕ್ಲಾಸು ಓದಿದವಳು, ಅವನು ಬರೆದದ್ದನ್ನು ಮನಸ್ಸಿನಲ್ಲೇ ಓದಿಕೊಂಡು, ಬಾಯಿ ಬಿಡದೆ, ಕೇಳಿದ್ದನ್ನು ತಂದಿಟ್ಟು ಓಡುತ್ತಿದ್ದಳು. ಅದೇ ಸೇವೆ ಅಂದುಕೊಂಡಿದ್ದಳು. ಅವನ ಲೆಕ್ಕದಲ್ಲಿ ಅವನು ಒಂದು ಮಾತೂ ಆಡಿರಲಿಲ್ಲ. ಮೊದಲು ಸಂಕಟವಾಯಿತು. ಅದರ ಬೆನ್ನಿಗೇ ಸಿಟ್ಟು ಬಂತು. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಹೇಳೋಕೆ ಆ ಮನುಷ್ಯನಿಗೆ ಏನಾಗಿತ್ತು? ಹಾಲು, ಹುಲ್ಲು, ಗಂಜಿ, ಬಟ್ಟೆ, ಬಂದವರ ಕಾಫಿ, ಇದರ ಮೇಲೆ ಇನ್ನು ಕೂಗೋದೂ ತನ್ನದೇ ಕೆಲಸವಾ? ಎಮ್ಮೆಗೆ ಹೊರೆಯಾದರೆ ಮಲಗಿಯಾದರೂ ಬಿಡುತ್ತೆ.

ಆದರೂ ಸಂಜೆ ಅವನು 'ಮಜ್ಜಿಗೆಗೆ ಉಪ್ಪು ಜಾಸ್ತಿ' ಅಂತ ಬರೆದಾಗ ಗೋಪಿಯ ಹಾಗೆ ಓದಿದಳು. ದನಿ ಎದ್ದರೆ ತಾನೇ? ನೆಲಕ್ಕೆ ಹೇಳಿದ ಹಾಗಿತ್ತು. ಮುನಿಕೃಷ್ಣ ಪೆನ್ನಿನಿಂದ ಹಾಳೆಯ ಮೇಲೆ ಟಕಟಕ ಕುಟ್ಟಿದ. ಗಟ್ಟಿಯಾಗಿ! ಇನ್ನೊಂದು ಸಲ ಓದಿದಳು. ಮತ್ತೆ ಕುಟ್ಟಿದ. "ಮಜ್ಜಿಗೆಗೆ ಉಪ್ಪು ಜಾಸ್ತೀ!" ಅಂತ ಕಿರುಚಿಯೇ ಬಿಟ್ಟಳು. ತಾನು ಮಾಡಿದ ಮಜ್ಜಿಗೆಯ ಮೇಲೆ ತಾನೇ ಊರಿಗೆಲ್ಲ ದೂರು ಹೇಳಿದ ಹೆಂಗಸು ಈ ತಾಲ್ಲೂಕಿನಲ್ಲಿ ಬೇರೆ ಇದ್ದಾಳೋ ಇಲ್ಲವೋ. ಮುನಿಕೃಷ್ಣ ತೃಪ್ತಿಯಿಂದ ತಲೆಯಾಡಿಸಿ ಉಪ್ಪಾದ ಮಜ್ಜಿಗೆಯನ್ನು ಪೂರ್ತಿ ಕುಡಿದ. ಲೋಟ ಖಾಲಿಯಾಗಿದ್ದು ನೋಡಿ ಅವಳ ಸಿಟ್ಟು ಇಳಿಯಿತು.

ಮತ್ತೆ ಮುಳಬಾಗಿಲಿಗೆ ಹೋದಾಗ ಯಾವುದಾದರೂ ಕೊಡಮ್ಮಾ ಅನ್ನಲಿಲ್ಲ. ಮನೆಗೆಲಸದ ನಡುವೆ ಕನ್ನಡಕ ಇರೋದಿಲ್ಲ ಅಂತ ಅದನ್ನು ತೆಗೆದಿಟ್ಟು, ಒಂದೊಂದು ಪೆನ್ನಿನಲ್ಲೂ ಭಾರತಮ್ಮನ ಕೈಯಲ್ಲಿ ಗೋಡೆಗೆ ಒತ್ತಿದ ಹಾಳೆಯ ಮೇಲೆ ಬರೆಸಿ, ಕೈಯಳತೆ ದೂರದಲ್ಲಿ ನಿಂತು ಓದಿದಳು. ಇಲ್ಲಿಯವರೆಗೆ ಬರೆಯೋನಿಗೆ ತಗೊಂಡಿದ್ದಳು. ತಗೋಬೇಕಾಗಿದ್ದದ್ದು ಕೂಗೋಳಿಗೆ. ಬಾಲ್‌ಪೆನ್ನು ತೆಳ್ಳಗೆ, ದೂರಕ್ಕೆ ಕಾಣದು. ಜೆಲ್ಲು ಕಲಸುತ್ತೆ. ದೊಡ್ಡ ಮಾರ್ಕರಿನ ವಾಸನೆ ಮೂಗಿಗೆ ಹೊಡೆಯಿತು, ಕತ್ತಿನ ತೂತಲ್ಲಿ ಉಸಿರಾಡೋನಿಗೆ ಆಗದು. ಕೊನೆಗೆ ಸ್ಕೆಚ್ ಪೆನ್ನಿನಂಥ ಮೆತ್ತನೆ ತುದಿಯ ಒಂದು ಕಪ್ಪು ಪೆನ್ನು ಸಿಕ್ಕಿತು. ಒತ್ತೋ ಹಾಗಿಲ್ಲ, ಹಾಳೆಗೆ ತಾಗಿಸಿದರೆ ಸಾಕು, ಮೇಲೆತ್ತಿ ಹಿಡಿದರೂ ಬರೆಯುತ್ತೆ. ಅದಕ್ಕೆ ತಕ್ಕ ಹಾಗೆ ಹಿಂದಕ್ಕೆ ಮಸಿ ಇಳಿಯದ ದಪ್ಪ ಹಾಳೆಯ, ಗೀಟಿಲ್ಲದ, ದಾರದಲ್ಲಿ ಹೊಲಿದ, ಅಂಗಿಯ ಜೇಬಿನಲ್ಲಿ ನಿಲ್ಲೋ ಪುಸ್ತಕ.

"ಇದು ಚಿತ್ರ ಬರೆಯೋ ಮಕ್ಕಳದ್ದಮ್ಮಾ" ಅಂದಳು ಭಾರತಮ್ಮ.

"ಆಗ್ಲಿ ಬಿಡು. ಗೀಟು ಇದ್ರೆ ಅದರೊಳಗೇ ಸಣ್ಣಗೆ ಬರೀತಾರೆ. ನಂಗೆ ದೊಡ್ಡದಾಗಿ ಕಾಣ್ಬೇಕು."

ಮುನಿಕೃಷ್ಣ ಅಂಗಿ ತೊಟ್ಟ, ಪುಸ್ತಕ ಜೇಬಿಗೆ ಹಾಕಿಕೊಂಡ. ಎದ್ದು ಜಗಲಿಯವರೆಗೆ ನಡೆದ. ಊಟ ಮಾಡಿದ. ಅವನು ಬರೆಯುತ್ತ ಹೋಗೋದು, ಅವಳು ಪಕ್ಕದಲ್ಲಿ ನಿಂತು ಒಂದೊಂದು ಮಾತು ಹಾಳೆಯ ಮೇಲೆ ಬೀಳುತ್ತಿದ್ದ ಹಾಗೇ ಕೂಗೋದು. ಪೂರ್ತಿ ಬರೆಯೋವರೆಗೆ ಕಾಯೋಕೆ ಅವನಿಗೆ ತಾಳ್ಮೆ ಇರಲಿಲ್ಲ. ಎದುರುಮನೆಯವನ ಕೋಳಿಗೆ ಬೈದ, ಅವಳು ಕೂಗಿದಳು. ಡೇರಿ ಕಾರ್ಯದರ್ಶಿಗೆ ಮೂರು ಮಾತು ಬೈದ, ಅದನ್ನೂ ಕೂಗಿದಳು, ಕೂಗಿ ನಾಲಿಗೆ ಕಚ್ಚಿಕೊಂಡಳು. ಅವನು ಬದುಕಿಕೊಂಡ ಅಂತ ಅವಳಿಗೆ ಧೈರ್ಯ ಬಂತು. ಅವಳ ಸೊಂಟ ಮಾತ್ರ ಸಂಜೆ ಹೊತ್ತಿಗೆ ಎರಡು ತುಂಡಾಗುತ್ತಿತ್ತು. ಮೊದಲು ಕೈಕಾಲಷ್ಟೇ ನೋಯುತ್ತಿದ್ದವು, ಈಗ ಗಂಟಲೂ ಸೇರಿತ್ತು.

ಮುನಿಕೃಷ್ಣ ಮಾತಾಡುತ್ತಾನಂತೆ, ಹೆಂಡತಿಯ ಬಾಯಲ್ಲಿ ಮಾತಾಡುತ್ತಾನಂತೆ ಅಂತ ಸುದ್ದಿ ಹಬ್ಬಿದ್ದೇ ತಡ, ನೋಡೋಕೆ ಬರೋರು ಎರಡರಷ್ಟಾದರು. ಭಾನುವಾರ ಮಧ್ಯಾಹ್ನ ನಡುಮನೆ ತುಂಬಿ ಜಗಲಿಗೂ ಜನ ಕೂತರು. ಶ್ರೀನಿವಾಸಪುರದ ಕಡೆಯ ಬೀಗರು, ಊರಿನವರು, ಎಲ್ಲರ ನಡುವೆ ದೊಡ್ಡಗಂಗಮ್ಮ. ವೆಂಕಟರತ್ನಮ್ಮ ಬೆಳಗಿನಿಂದ ಕಾಫಿ ಸೋಸಿ ಸೋಸಿ ಕೊನೆಗೆ ತಾನು ಕುಡಿದಳೋ ಇಲ್ಲವೋ ಮರೆತಿದ್ದಳು.

"ಏನಾದ್ರೂ ಹೇಳ್ಸೇ ರತ್ನಾ, ಅವರೂ ಕೇಳ್ಲಿ" ಅಂದಳು ದೊಡ್ಡಗಂಗಮ್ಮ, ನಾಟಕ ನೋಡೋಕೆ ಬಂದವಳ ಹಾಗೆ.

ಮುನಿಕೃಷ್ಣ ಜೇಬಿನಿಂದ ಪುಸ್ತಕ ತೆಗೆದ. ಒಂದು ಸಲ ಎಲ್ಲರ ಮುಖ ನೋಡಿದ. ಒದ್ದೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ವೆಂಕಟರತ್ನಮ್ಮ ಬಂದು ಪಕ್ಕದಲ್ಲಿ ನಿಂತಳು. ಪೆನ್ನು ಹಾಳೆಗೆ ತಾಗಿತು.

"ನನ್ನ!" ಅಂತ ಕೂಗಿದಳು.

"ಹೆಂಡ್ತಿಗೆ!" ಅಂತ ಕೂಗಿದಳು. ಹೆಂಗಸರು ಕಿಸಕ್ಕನೆ ನಕ್ಕರು. ಏನೋ ತಮಾಷೆ ಬರುತ್ತೆ ಅಂತ ಎಲ್ಲರೂ ಮುಂದಕ್ಕೆ ಬಾಗಿದರು.

"ಸಾಕಾಗೈತೆ!"

ಅವಳ ಬಾಯಿ ಕೂಗಿದ್ದು ಅವಳ ಕಿವಿಗೆ ಆಮೇಲೆ ಬಿತ್ತು. ನಗು ನಿಂತಿತು. ನನ್ನ ಹೆಂಡತಿಗೆ ಸಾಕಾಗಿದೆ. ಈ ಮಾತನ್ನು ಅವಳು ತಾಯಿಗೆ ಹೇಳಿರಲಿಲ್ಲ, ಮಗಳಿಗೆ ಹೇಳಿರಲಿಲ್ಲ, ನರ್ಸಿಗೆ ಹೇಳಿರಲಿಲ್ಲ. ಅವನು ನೋಡಿಯೇ ಇಲ್ಲ ಅಂದುಕೊಂಡಿದ್ದಳು. ಗೋಡೆ ಕಡೆ ತಿರುಗಿ ಮಲಗಿದ್ದ ಮನುಷ್ಯ ಎಲ್ಲವನ್ನೂ ನೋಡಿದ್ದ.

ಮುಂದಿನ ಮಾತಿಗೆ ಮುನಿಕೃಷ್ಣ ಪೆನ್ನು ಎತ್ತಿ ಹಿಡಿದು ಯೋಚಿಸುತ್ತಿದ್ದ. ಜನ ಕಾಯುತ್ತಿದ್ದರು. ವೆಂಕಟರತ್ನಮ್ಮ ಕಾಯಲಿಲ್ಲ.

"ಎಲ್ಲಾರೂ ಎದ್ದು ಮನೇಗೆ ಹೋಗಿ!" ದನಿ ಸೂರಿಗೆ ಬಡಿಯಿತು. "ನಂಗೆ ಕಾಲು ನಿಲ್ತಿಲ್ಲ! ನಾನು ಮಲಗ್ಬೇಕು!"

ದೊಡ್ಡಗಂಗಮ್ಮ ಕನ್ನಡಕ ಏರಿಸಿಕೊಂಡು ತಮ್ಮನ ಕೈಯಿಂದ ಪುಸ್ತಕ ತಗೊಂಡು ಹತ್ತಿರ ಹಿಡಿದು ನೋಡಿದಳು. "ಇಲ್ಲಿ ಅಂಗೇನೂ ಬರೆದಿಲ್ವಲ್ಲೇ?"

ವೆಂಕಟರತ್ನಮ್ಮನಿಗೆ ಆಗ ಗೊತ್ತಾಯಿತು. ಅವನು ಹೇಳದ ಮಾತನ್ನು ಅವನ ಹೆಸರಲ್ಲಿ ಕೂಗಿದ್ದಳು. ತಿರುಗಿ ಕೂಗದ್ದಕ್ಕೇ ಮಂಡಿಯಲ್ಲಿ ಚೀಟಿ ಹರಿಯುತ್ತಿದ್ದವನು, ಹೇಳದ್ದನ್ನು ಕೂಗಿದ್ದಕ್ಕೆ ಏನು ಮಾಡುತ್ತಾನೋ.

ಮುನಿಕೃಷ್ಣ ಅಕ್ಕನ ಕೈಯಿಂದ ಪುಸ್ತಕ ವಾಪಸ್ ತಗೊಂಡ. ಹೊಸ ಹಾಳೆ ತಿರುಗಿಸಿದ. ಹೆಂಡತಿಯ ಮುಖ ನೋಡಿದ, ಮಂಡಿಯಲ್ಲಿ ಗೋಪಿ ಅವನ ಮುಖ ನೋಡುತ್ತಿದ್ದ ಹಾಗೆ. ಆಮೇಲೆ ತಲೆ ಬಗ್ಗಿಸಿ ಅವಳು ಕೂಗಿದ್ದನ್ನೆಲ್ಲ ಒಂದು ಮಾತೂ ಬಿಡದೆ ಬರೆದ. ಬರೆದು ಎಲ್ಲರಿಗೂ ಕಾಣೋ ಹಾಗೆ ಎತ್ತಿ ಹಿಡಿದ.

ಮೊದಲು ಎದ್ದವಳು ದೊಡ್ಡಗಂಗಮ್ಮ. ಅವಳು ಎದ್ದ ಮೇಲೆ ಉಳಿದವರೂ ಎದ್ದರು. ಅವರು ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದಾಗಲೇ ವೆಂಕಟರತ್ನಮ್ಮ ಒಳಗೆ ಹೋಗಿ, ಕಾಫಿ ಲೋಟಗಳನ್ನೂ ಎತ್ತದೆ, ಚಾಪೆ ಹಾಸಿಕೊಂಡು ಮಲಗಿದಳು.